ನಾಯಿಗೂ ಬರುವ ಅರ್ಬುದ

ಮಾನವನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ದನಕುರಿಗಳು ಅವನ ಹಟ್ಟಿಯನ್ನು ಸೇರುವುದಕ್ಕೆ ಮೊದಲೇ, ಬೇಸಾಯವೆಂಬುದು ಹುಟ್ಟುವುದಕ್ಕೂ ಮುನ್ನವೇ, ಇಂದಿಗೆ ಕಡಮೆಯೆಂದರೂ 14,000 ವರ್ಷಗಳ ಹಿಂದೆ ಅದು ಅವನ ಬೆಂಕಿಯ ಬಳಿ ಬಂದು ಮಲಗಿತ್ತು. ಈ ಸ್ನೇಹಕ್ಕೆ ನಮ್ಮ ನಾಡಿನಲ್ಲಿ ಕಲ್ಲಿನ ಸಾಕ್ಷಿಯೇ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು, ಮಣಲೆರನೆಂಬ ವೀರನು ಬೇಡಿ ಪಡೆದ ‘ಕಾಳಿ’ ಎಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದ ಸಂಗತಿಯನ್ನು ಹೇಳುತ್ತದೆ. ಕಾಳಿಯ ಹಗೆ ಹೊರಗಿತ್ತು, ಕಣ್ಣಿಗೆ ಕಾಣುತ್ತಿತ್ತು, ಅದರ ಮೇಲೆ ಎರಗುವುದು ಸಾಧ್ಯವಿತ್ತು. ಇಂದು ನಮ್ಮ ಮನೆಗಳಲ್ಲಿ ಉಂಡು, ಮಕ್ಕಳೊಡನೆ ಆಡಿ, ಹತ್ತು ಹನ್ನೆರಡು ವರ್ಷ ಬಾಳಿ ಮುಪ್ಪಾಗುವ ನಾಯಿಗಳಲ್ಲಿ ಅನೇಕವನ್ನು ಕೊಲ್ಲುವ ಹಗೆಯು ಅವುಗಳ ಮೈಯೊಳಗೇ ಹುಟ್ಟುತ್ತದೆ. ಅದುವೇ ಅರ್ಬುದ ರೋಗ. ಜನರ ಮಾತಿನಲ್ಲಿ ಕ್ಯಾನ್ಸರ್.

‘ನಾಯಿಗೂ ಕ್ಯಾನ್ಸರ್ ಬರುತ್ತದೆಯೆ?’ ಎಂದು ಕೇಳುವವರು ಈಗಲೂ ಇದ್ದಾರೆ. ಹಿಂದೆ ಈ ಪ್ರಶ್ನೆ ಸಹಜವೇ ಆಗಿತ್ತು. ಹುಚ್ಚು, ಡಿಸ್ಟೆಂಪರ್ ಮೊದಲಾದ ರೋಗಗಳಿಂದ ನಾಯಿಗಳು ಎಳೆಯ ಪ್ರಾಯದಲ್ಲಿಯೇ ಸಾಯುತ್ತಿದ್ದುವು. ಅರ್ಬುದವೋ ಬಹುಮಟ್ಟಿಗೆ ಇಳಿವಯಸ್ಸಿನ ರೋಗ. ಲಸಿಕೆ ಬಂದಿತು, ಆಹಾರ ಉತ್ತಮಗೊಂಡಿತು, ಆಯುಸ್ಸು ಬೆಳೆಯಿತು. ಅದರೊಡನೆ ಈ ರೋಗವೂ ಕಣ್ಣಿಗೆ ಬೀಳತೊಡಗಿತು. ನಾಲ್ಕು ನಾಯಿಗಳಲ್ಲಿ ಒಂದಕ್ಕೆ ಬದುಕಿನ ಯಾವುದೋ ಘಟ್ಟದಲ್ಲಿ ಗಂತಿಯು ಬೆಳೆಯುವುದೆಂದು ಅಮೆರಿಕದ ಪಶುವೈದ್ಯರ ಅಂದಾಜು.

ಈ ರೋಗದ ಹೆಸರುಗಳಲ್ಲಿಯೇ ಒಂದು ಇತಿಹಾಸವಿದೆ. ಗ್ರೀಸಿನ ವೈದ್ಯ ಹಿಪ್ಪೊಕ್ರೇಟಿಸ್ ಹಾಗೂ ಅವನ ಪರಂಪರೆಯವರು ಸುತ್ತಲೂ ಕಾಲು ಚಾಚಿದಂತೆ ಹರಡುವ ಗಂತಿಯನ್ನು ಕಂಡು ಅದಕ್ಕೆ ಏಡಿಯ ಹೆಸರನ್ನಿತ್ತರು. ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾನ್ಸರ್’ ಎಂದರೂ ಏಡಿಯೆಂದೇ ಅರ್ಥ. ನಮ್ಮ ನಿಘಂಟುಗಳಲ್ಲಿರುವ ‘ಏಡಿಗಂತಿ’ ಎಂಬ ಪದವು ಅದರ ನೆರಳು. ‘ಅರ್ಬುದ’ವು ಹಾಗಲ್ಲ, ಸುಶ್ರುತಸಂಹಿತೆಯಲ್ಲಿಯೇ ಅದು ಬೆಳೆಯುವ ಗಂತಿಗೆ ಹೆಸರಾಗಿ ಬಂದಿದೆ.

ಹಾಗಾದರೆ ಅರ್ಬುದವೆಂದರೇನು? ನಾಯಿಯ ದೇಹವೂ ನಮ್ಮದರಂತೆ ಕೋಟ್ಯನುಕೋಟಿ ಜೀವಕೋಶಗಳಿಂದಾದುದು. ಒಂದೊಂದು ಜೀವಕೋಶವೂ ಯಾವಾಗ ಇಬ್ಭಾಗವಾಗಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಸಾಯಬೇಕು ಎಂಬ ಕಟ್ಟಳೆಯು ಅದರೊಳಗಿನ ವಂಶವಾಹಿಗಳಲ್ಲಿ ಅಡಗಿದೆ. ಗಾಯವಾದಾಗ ಚರ್ಮವು ಬೆಳೆದು ಕೂಡಿಕೊಳ್ಳುತ್ತದೆ. ಕೂಡಿಕೊಂಡೊಡನೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಈ ನಿಲ್ಲುವಿಕೆಯೇ ಆರೋಗ್ಯದ ಗುಟ್ಟು. ಕಾಲಕ್ರಮದಲ್ಲಿ ವಂಶವಾಹಿಗಳಲ್ಲಿ ತಪ್ಪುಗಳು ಸೇರಿ, ಯಾವುದೋ ಒಂದು ಜೀವಕೋಶವು ನಿಲ್ಲುವುದನ್ನು ಮರೆತರೆ ಅದು ಎರಡಾಗಿ, ಎರಡು ನಾಲ್ಕಾಗಿ, ಗಂಟಾಗಿ ಬೆಳೆಯುತ್ತದೆ. ಗಂಟು ತನ್ನ ಮೇರೆಯೊಳಗೇ ಉಳಿದರೆ ಅದು ಸಾಧುಗಂತಿ; ಮುದಿನಾಯಿಯ ಚರ್ಮದಡಿಯಲ್ಲಿ ಬೆರಳಿಗೆ ಮೆತ್ತಗೆ ಸಿಕ್ಕಿ ಜಾರುವ ಕೊಬ್ಬಿನ ಗಂಟುಗಳು ಬಹುತೇಕ ಈ ಬಗೆಯವು. ಬದು ದಾಟಿ ಪಕ್ಕದ ಗದ್ದೆಗೆ ನುಗ್ಗುವ ಕಳೆಯಂತೆ ಸುತ್ತಲಿನ ಅಂಗಾಂಶವನ್ನು ತಿಂದು, ರಕ್ತದಲ್ಲಿ ಹರಿದುಹೋಗಿ ಶ್ವಾಸಕೋಶದಲ್ಲಿಯೋ ಯಕೃತ್ತಿನಲ್ಲಿಯೋ ಹೊಸ ಬೇರು ಬಿಟ್ಟರೆ ಅದು ಅರ್ಬುದ. ಹೊರಗಿನಿಂದ ಬಂದ ಕ್ರಿಮಿಯಾಗಿದ್ದರೆ ದೇಹವು ಅದನ್ನು ಅನ್ಯವೆಂದು ಗುರುತಿಸಿ ಎದುರಿಸುತ್ತಿತ್ತು. ಇದು ತನ್ನದೇ ಜೀವಕೋಶ, ಗುರುತಿಸುವುದೇ ಕಷ್ಟ. ರೋಗದ ಪ್ರಾಬಲ್ಯವು ಇಲ್ಲಿದೆ.

ಎಲ್ಲ ನಾಯಿಗಳಿಗೂ ಇದು ಸಮನಾಗಿ ಬರುವುದಿಲ್ಲ. ದೊಡ್ಡ ಮೈಯ ತಳಿಗಳಲ್ಲಿ ಹೆಚ್ಚು. ಜೀವಕೋಶಗಳು ಹೆಚ್ಚಿದಷ್ಟೂ, ಅವು ಬೇಗ ಬೇಗ ಬೆಳೆದಷ್ಟೂ ತಪ್ಪಿಗೆ ಅವಕಾಶ ಹೆಚ್ಚೆಂಬುದು ಇದಕ್ಕೊಂದು ವಿವರಣೆ. ‘ಹಾಗಿದ್ದರೆ ಆನೆಗಳೆಲ್ಲ ಅರ್ಬುದದಿಂದಲೇ ಸಾಯಬೇಕಲ್ಲವೆ?’ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕೆಟ್ಟ ಜೀವಕೋಶವನ್ನು ತಡೆಹಿಡಿಯುವ ಒಂದು ವಂಶವಾಹಿಯು ನಮ್ಮಲ್ಲಿ ಒಂದು ಜೊತೆಯಿದ್ದರೆ ಆನೆಯಲ್ಲಿ 20 ಜೊತೆ ಇರುವುದನ್ನು 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಪ್ರಕೃತಿಯು ಆನೆಯನ್ನು ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ದೊಡ್ಡದು ಮಾಡಿತು. ಕಾವಲನ್ನೂ ಜೊತೆಗೆ ಕೊಟ್ಟಿತು. ನಾಯಿಯನ್ನು ದೊಡ್ಡದು ಮಾಡಿದವನು ಮನುಷ್ಯ, ಅದೂ ಕೆಲವೇ ಶತಮಾನಗಳಲ್ಲಿ. ರೂಪಕ್ಕಾಗಿ, ಬಣ್ಣಕ್ಕಾಗಿ, ಗಾತ್ರಕ್ಕಾಗಿ ಹತ್ತಿರದ ನಂಟಿನ ನಾಯಿಗಳನ್ನೇ ಕೂಡಿಸಿ ಮರಿ ಪಡೆದುದರಿಂದ ಕೆಲವು ತಳಿಗಳಲ್ಲಿ ರೋಗದ ಬೀಜವೂ ವಂಶದೊಡನೆ ಇಳಿದುಬಂದಿತು. ಬಾಕ್ಸರ್, ಗೋಲ್ಡನ್ ರಿಟ್ರೀವರ್, ಬರ್ನೀಸ್ ಮೌಂಟನ್ ಮೊದಲಾದವು ಈ ದೃಷ್ಟಿಯಿಂದ ದುರ್ದೈವಿಗಳು. ಅಂದಚೆಂದದ ಹಂಬಲಕ್ಕೆ ಬೆಲೆ ತೆತ್ತದ್ದು ನಾಯಿ ಎನ್ನದೆ ವಿಧಿಯಿಲ್ಲ. 2005ರಲ್ಲಿ ಟಾಷಾ ಎಂಬ ಬಾಕ್ಸರ್ ನಾಯಿಯ ವಂಶವಾಹಿಗಳ ಪೂರ್ಣ ನಕ್ಷೆಯು ಪ್ರಕಟವಾದ ಮೇಲೆ ಇಂಥ ರೋಗಗಳ ಮೂಲವನ್ನು ಹುಡುಕುವುದು ಸುಲಭವಾಗಿದೆ.

ನಾಯಿಗೆ ನುಡಿಯಿಲ್ಲ. ‘ಇಲ್ಲಿ ನೋಯುತ್ತಿದೆ’ ಎಂದು ಅದು ಹೇಳಲಾರದು. ಆದರೆ ನಮ್ಮ ರೋಗವನ್ನು ಅದು ಹೇಳಿಬಿಟ್ಟ ಸಂಗತಿಯೊಂದುಂಟು. ಇಂಗ್ಲೆಂಡಿನ ಹೆಂಗಸೊಬ್ಬಳ ಕಾಲಿನ ಮೇಲಿದ್ದ ಮಚ್ಚೆಯನ್ನು ಅವಳ ನಾಯಿಯು ಬಟ್ಟೆಯ ಮೇಲಿಂದಲೂ ಬಿಡದೆ ಮೂಸುತ್ತಿತ್ತು. ಒಮ್ಮೆ ಕಚ್ಚಿ ತೆಗೆಯಲೂ ಹೊರಟಿತು. ಆಕೆ ವೈದ್ಯರಿಗೆ ತೋರಿಸಿದಾಗ ಅದು ಚರ್ಮದ ಅರ್ಬುದವೆಂದು ತಿಳಿಯಿತು. 1989ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ ಇದು ವರದಿಯಾಯಿತು. ನಮಗೆ ಅಂಥ ಮೂಗಿಲ್ಲ. ಆದರೆ ಕೈಯಿದೆ. ದಿನವೂ ನಾಯಿಯ ಮೈ ಸವರುವ ಕೈ ಬಹುತೇಕ ಮನೆಯ ಮಕ್ಕಳದೇ ಆಗಿರುತ್ತದೆ. ಅದು ಸ್ವಲ್ಪ ಕ್ರಮದಿಂದ ಸವರಿದರೆ ಸಾಕು.

ತಿಂಗಳಿಗೊಮ್ಮೆ ನಾಯಿಯನ್ನು ನೆಮ್ಮದಿಯಾಗಿ ಮಲಗಿಸಿಕೊಂಡು ದವಡೆಯ ಕೆಳಗಿನಿಂದ ಆರಂಭಿಸಬೇಕು. ದವಡೆಯ ಬುಡ, ಭುಜದ ಮುಂಭಾಗ, ಕಂಕುಳು, ತೊಡೆಸಂದು, ಹಿಂಗಾಲಿನ ಮಂಡಿಯ ಹಿಂಬದಿ – ಈ ಎಡೆಗಳಲ್ಲಿ ದುಗ್ಧರಸದ ಗ್ರಂಥಿಗಳಿವೆ. ಅವು ಎರಡೂ ಕಡೆ ನೋವಿಲ್ಲದೆ ಗಟ್ಟಿಯಾಗಿ ಊದಿದ್ದರೆ ಲಿಂಫೋಮ ಎಂಬ ಅರ್ಬುದವನ್ನು ಶಂಕಿಸಬೇಕು. ತುಟಿಯನ್ನೆತ್ತಿ ಒಸಡನ್ನು ನೋಡಬೇಕು. ಹೊಟ್ಟೆಯಡಿಯ ಮೊಲೆತೊಟ್ಟುಗಳ ಎರಡು ಸಾಲನ್ನೂ, ಬಾಲದ ಬುಡವನ್ನೂ, ಬೆರಳುಗಳ ಸಂದನ್ನೂ ಮುಟ್ಟಿ ನೋಡಬೇಕು. ಮಾಯದ ಹುಣ್ಣು, ಬಾಯಿಯ ದುರ್ವಾಸನೆ, ಕಾರಣವಿಲ್ಲದೆ ಇಳಿಯುವ ತೂಕ, ಮೂತ್ರದಲ್ಲಿ ರಕ್ತ, ವಾಸಿಯಾಗದ ಕುಂಟು ಇವೂ ಗಮನಿಸತಕ್ಕವು. ಕೈಗೆ ಸಿಗದ ಅರ್ಬುದಗಳೂ ಇವೆಯೆಂಬುದನ್ನು ಮರೆಮಾಚಬಾರದು. ಗುಲ್ಮದಲ್ಲಿ ಬೆಳೆಯುವ ಒಂದು ಬಗೆಯದು, ಒಡೆದು ಒಳಗೇ ರಕ್ತ ಹರಿಯುವವರೆಗೂ ಸುಳಿವೇ ಕೊಡದೆ ಇರಬಹುದು.

ಹೆಣ್ಣುನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಸ್ತನದ ಗಂತಿ. ನಮ್ಮ ಬೀದಿಯ ಮನೆಯೊಂದರಲ್ಲಿ ಸಾಕಿದ್ದ ಎಂಟು ವರ್ಷದ ನಾಯಿಯ ಹೊಟ್ಟೆಯಡಿಯಲ್ಲಿ ಹುಣಿಸೆಬೀಜದಷ್ಟು ಗಂಟು ಕಾಣಿಸಿಕೊಂಡಿತು. “ಮರಿ ಹಾಕಿದ ನಾಯಿಗೆ ಹಾಲುಗಂಟು ಬರೋದೇ ಕಣವ್ವ, ಅರಿಶಿನ ಸುಣ್ಣ ಹಚ್ಚು” ಎಂದರು ಮನೆಯ ಹಿರಿಯಾಕೆ. ಹೈಸ್ಕೂಲಿನಲ್ಲಿ ಓದುತ್ತಿದ್ದ ಮೊಮ್ಮಗಳು, “ಹಾಲುಗಂಟಾದ್ರೆ ಬಿಸಿಯಾಗಿ ನೋಯ್ಬೇಕಲ್ಲಜ್ಜಿ? ಇದು ಮುಟ್ಟಿದ್ರೂ ಸುಮ್ನೆ ಮಲಗಿರುತ್ತೆ” ಎಂದಳು. ಅವಳು ಭಾನುವಾರಕ್ಕೊಮ್ಮೆ ಗಂಟಿನ ಸುತ್ತ ದಾರವಿಟ್ಟು ಅಳೆದು, ಆ ದಾರವನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಳು. ನಾಲ್ಕನೆಯ ದಾರವು ಮೊದಲನೆಯದಕ್ಕಿಂತ ಉದ್ದವಾಗಿದ್ದುದನ್ನು ಕಂಡ ಅಜ್ಜಿಯೇ ನಾಯಿಯನ್ನು ಪಶು ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಗಂಟು ಇನ್ನೂ ಅಡಿಕೆಯ ಗಾತ್ರದಲ್ಲಿದ್ದಾಗಲೇ ಶಸ್ತ್ರಚಿಕಿತ್ಸೆಯಾಯಿತು. ಆ ನಾಯಿ ಮತ್ತೆ ನಾಲ್ಕು ಮಳೆಗಾಲಗಳನ್ನು ಕಂಡಿತು. ಹುಡುಗಿಯ ಮಾತಿನಲ್ಲಿ ಒಂದು ವೈದ್ಯಕೀಯ ಸತ್ಯವಿದೆ: ಬಾವು ನೋಯುತ್ತದೆ, ಅರ್ಬುದವು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂಬ ಸಮಾಧಾನವೇ ಇಲ್ಲಿ ಮೋಸದ್ದು.

ಸ್ತನದ ಗಂತಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಸಾಧುವಾದವು. ಉಳಿದವುಗಳಲ್ಲಿಯೂ 3 ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ತೆಗೆದರೆ ಫಲ ಉತ್ತಮ. ಇದನ್ನು ಬರದಂತೆ ತಡೆಯುವ ಮಾರ್ಗವೂ ಒಂದುಂಟು. 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಂತೆ, ಮೊದಲ ಬೆದೆಗೆ ಮುನ್ನವೇ ಸಂತಾನಹರಣ ಚಿಕಿತ್ಸೆಯಾದ ನಾಯಿಗಳಲ್ಲಿ ಈ ಅಪಾಯವು, ಚಿಕಿತ್ಸೆಯಾಗದವುಗಳಿಗೆ ಹೋಲಿಸಿದರೆ, ಶೇಕಡಾ 0.5ಕ್ಕೆ ಇಳಿದಿತ್ತು, ಒಂದು ಬೆದೆಯ ಬಳಿಕವಾದರೆ 8ಕ್ಕೆ, ಎರಡು ಅಥವಾ ಹೆಚ್ಚು ಬೆದೆಗಳ ಬಳಿಕವಾದರೆ 26ಕ್ಕೆ. ಈ ಅಂಕಿಗಳು ಎಷ್ಟು ಗಟ್ಟಿ ಎಂಬ ಬಗ್ಗೆ ಅನಂತರದ ವಿದ್ವಾಂಸರು ಚರ್ಚಿಸಿದ್ದಾರೆ. ದೊಡ್ಡ ತಳಿಗಳಲ್ಲಿ ತೀರ ಎಳೆಯ ಪ್ರಾಯದ ಶಸ್ತ್ರಚಿಕಿತ್ಸೆಯಿಂದ ಕೀಲಿನ ತೊಂದರೆಗಳು ಹೆಚ್ಚಬಹುದೆಂದೂ ತಿಳಿದುಬಂದಿದೆ. ಆದುದರಿಂದ ಕಾಲವನ್ನು ಆಯಾ ನಾಯಿಗೆ ತಕ್ಕಂತೆ ಪಶುವೈದ್ಯರೇ ನಿರ್ಧರಿಸಬೇಕು.

ಗಂಟನ್ನು ಕಣ್ಣಿನಿಂದ ನೋಡಿ ‘ಇದು ಅರ್ಬುದ, ಇದು ಅಲ್ಲ’ ಎಂದು ಹೇಳಲು ಅನುಭವಿಗಳಿಗೂ ಆಗದು. ಪಶುವೈದ್ಯರು ಸಣ್ಣ ಸೂಜಿಯಿಂದ ಗಂಟಿನ ಕೆಲವು ಜೀವಕೋಶಗಳನ್ನು ಸೆಳೆದು, ಗಾಜಿನ ಮೇಲೆ ಹರಡಿ, ಬಣ್ಣಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೇಕಾದರೆ ತುಣುಕನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸುತ್ತಾರೆ. ರೋಗವು ಹರಡಿದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಅಲ್ಲಿಯವರೆಗೆ ಗಂಟನ್ನು ಹಿಸುಕುವುದು, ಸುಡುವುದು, ಸುಣ್ಣ ಬಳಿಯುವುದು ಸಲ್ಲದು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಬಾರದು. ನಮಗೆ ಹಿತವಾದ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣುಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಅರ್ಬುದವು ಅಂಟುರೋಗವಲ್ಲ. ಕ್ಯಾನ್ಸರ್ ಬಂದ ನಾಯಿಯನ್ನು ಮುಟ್ಟಿದರೆ ಮಕ್ಕಳಿಗೆ ಬರುತ್ತದೆಂದು ಹೆದರಿ ಅದನ್ನು ಊರಾಚೆ ಬಿಟ್ಟುಬರುವವರಿದ್ದಾರೆ. ಇದು ಅಜ್ಞಾನದಿಂದಾಗುವ ಕ್ರೌರ್ಯ. ನಾಯಿಯ ಯಾವ ಅರ್ಬುದವೂ ಮನುಷ್ಯನಿಗೆ ಅಂಟುವುದಿಲ್ಲ. ನಾಯಿಯಿಂದ ನಾಯಿಗೆ ಅಂಟುವ ಅರ್ಬುದ ಮಾತ್ರ ಒಂದಿದೆ. ಅದರ ಕಥೆಯು ಜೀವವಿಜ್ಞಾನದ ಅತ್ಯಂತ ವಿಚಿತ್ರ ಕಥೆಗಳಲ್ಲೊಂದು.

ನಮ್ಮ ಬೀದಿನಾಯಿಗಳಲ್ಲಿ ಕೆಲವಕ್ಕೆ ಜನನಾಂಗದ ಬಳಿ, ಕೆಲವೊಮ್ಮೆ ಮೂಗಿನಲ್ಲಿ, ಹೂಕೋಸಿನಂತಹ ಕೆಂಪು ಗಂತಿ ಬೆಳೆದು ರಕ್ತ ತೊಟ್ಟಿಕ್ಕುವುದುಂಟು. ನಾಯಿಗಳು ಕೂಡುವಾಗ, ಮೂಸುವಾಗ, ನೆಕ್ಕುವಾಗ ಇದು ಹರಡುತ್ತದೆ. 1876ರಲ್ಲಿ ರಷ್ಯದ ಪಶುವೈದ್ಯ ನೊವಿನ್‌ಸ್ಕಿಯು ಈ ಗಂತಿಯ ತುಣುಕನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿಮಾಡಿ ಬೆಳೆಯಿಸಿದನು. ಅರ್ಬುದವನ್ನು ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ನಾಟಿಮಾಡುವುದರಲ್ಲಿ ಇದೇ ಮೊದಲ ಯಶಸ್ಸು. ಇದನ್ನು ಹರಡುವುದು ಯಾವುದೋ ಕ್ರಿಮಿಯಿರಬೇಕೆಂದು ಬಹುಕಾಲ ಶಂಕಿಸಲಾಗಿತ್ತು. 2006ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಟಲಿ, ಕೀನ್ಯಾ ಮತ್ತು ನಮ್ಮ ಭಾರತದ ನಾಯಿಗಳ ಗಂತಿಗಳನ್ನು ಪರೀಕ್ಷಿಸಿದಾಗ ಬೆರಗಾಗುವ ಸಂಗತಿ ಹೊರಬಿದ್ದಿತು. ಗಂತಿಯ ಜೀವಕೋಶಗಳು ಅದನ್ನು ಹೊತ್ತ ನಾಯಿಯವೇ ಅಲ್ಲ! ನಾಯಿಯ ಜೀವಕೋಶದಲ್ಲಿ 78 ವರ್ಣತಂತುಗಳಿದ್ದರೆ ಇದರಲ್ಲಿ ಸುಮಾರು 60 ಮಾತ್ರ. ದೂರದೂರದ ದೇಶಗಳ ಗಂತಿಗಳು ಒಂದನ್ನೊಂದು ಹೋಲುತ್ತಿದ್ದುವೇ ಹೊರತು ತಮ್ಮನ್ನು ಹೊತ್ತ ನಾಯಿಯನ್ನು ಹೋಲುತ್ತಿರಲಿಲ್ಲ. ಇಲ್ಲಿ ರೋಗಾಣುವು ಬೇರೆ ಯಾವುದೂ ಅಲ್ಲ. ಅರ್ಬುದದ ಜೀವಕೋಶವೇ ರೋಗಾಣು. 2019ರಲ್ಲಿ 43 ದೇಶಗಳ 546 ಗಂತಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಇವೆಲ್ಲವೂ 4,000ದಿಂದ 8,500 ವರ್ಷಗಳ ಹಿಂದೆ ಏಷ್ಯದಲ್ಲಿ ಬಾಳಿದ ಒಂದೇ ಒಂದು ನಾಯಿಯಿಂದ ಹೊರಟವೆಂದು ಲೆಕ್ಕಹಾಕಿದರು. ಆ ನಾಯಿಯು ಸತ್ತು ಮಣ್ಣಾಗಿ ಸಹಸ್ರಾರು ವರ್ಷಗಳಾದರೂ ಅದರ ಕೆಟ್ಟ ಜೀವಕೋಶದ ಸಂತತಿಯು ಮೈಯಿಂದ ಮೈಗೆ ದಾಟುತ್ತ, ನಮ್ಮ ಸಂತೆಬೀದಿಯ ನಾಯಿಯಲ್ಲಿ ಇಂದೂ ಬದುಕಿದೆ.

ಇಷ್ಟು ಪುರಾತನವಾದ ಈ ಅರ್ಬುದವೇ ಔಷಧಕ್ಕೆ ಬಹುಬೇಗ ಬಗ್ಗುತ್ತದೆಂಬುದು ಮತ್ತೊಂದು ವಿಚಿತ್ರ. ವಾರಕ್ಕೊಮ್ಮೆಯಂತೆ ಕೆಲವು ವಾರ ರಕ್ತನಾಳಕ್ಕೆ ವಿನ್‌ಕ್ರಿಸ್ಟೀನ್ ಎಂಬ ಮದ್ದನ್ನು ಚುಚ್ಚಿದರೆ ಹೆಚ್ಚಿನ ನಾಯಿಗಳು ಪೂರ್ಣವಾಗಿ ಗುಣಹೊಂದುತ್ತವೆ. ಈ ಮದ್ದಿನ ತವರು ನಿಮ್ಮ ಅಂಗಳದಲ್ಲಿಯೇ ಇರಬಹುದು. ವರ್ಷವಿಡೀ ನಸುಗೆಂಪು ಅಥವಾ ಬಿಳಿಯ ಐದೆಸಳಿನ ಹೂ ಬಿಡುವ, ನಾವು ನಿತ್ಯಪುಷ್ಪ, ಕಾಶಿಕಣಗಿಲೆ ಎಂದೆಲ್ಲ ಕರೆಯುವ ಆ ಗಿಡದ ಮೂಲ ಮಡಗಾಸ್ಕರ್ ದ್ವೀಪ. ಮಧುಮೇಹಕ್ಕೆ ಅದರ ಎಲೆಯ ಕಷಾಯವನ್ನು ಕುಡಿಯುವ ರೂಢಿಯಿತ್ತು. ಅದನ್ನು ಪರೀಕ್ಷಿಸಹೊರಟ ಕೆನಡದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಅದು ಬಿಳಿ ರಕ್ತಕಣಗಳನ್ನು ತಗ್ಗಿಸುವುದನ್ನು ಕಂಡು, 1958ರಲ್ಲಿ ವಿನ್‌ಬ್ಲಾಸ್ಟೀನ್ ಎಂಬ ವಸ್ತುವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದರು. ಅದರ ಸೋದರನೇ ವಿನ್‌ಕ್ರಿಸ್ಟೀನ್. ಇದನ್ನೋದಿ ಯಾರೂ ಎಲೆ ಅರೆದು ನಾಯಿಗೆ ತಿನ್ನಿಸಲು ಹೊರಡಬಾರದು, ಗಿಡವು ವಿಷಯುಕ್ತವಾದುದು. ರಕ್ತನಾಳದಿಂದ ಹೊರಗೆ ತುಸು ಸೋರಿದರೂ ಮಾಂಸವನ್ನು ಕೊಳೆಸುವಷ್ಟು ಆ ಮದ್ದು ಉಗ್ರ. ಮಕ್ಕಳ ರಕ್ತದ ಅರ್ಬುದಕ್ಕೂ ವಿನ್‌ಕ್ರಿಸ್ಟೀನ್‌ ಒಂದು ಮುಖ್ಯ ಔಷಧ.

ನಾಯಿಯ ರೋಗಕ್ಕೂ ಮಕ್ಕಳ ರೋಗಕ್ಕೂ ಇರುವ ನಂಟು ಇದೊಂದೇ ಅಲ್ಲ. ದೊಡ್ಡ ತಳಿಗಳ ಕಾಲಿನ ಮೂಳೆಯಲ್ಲಿ ಬರುವ ಅರ್ಬುದವು, ಬೇಗ ಎತ್ತರ ಬೆಳೆಯುವ ಹದಿಹರೆಯದವರಲ್ಲಿ ಬರುವುದನ್ನು ಬಹಳಷ್ಟು ಹೋಲುತ್ತದೆ. ಕಾಲನ್ನು ಕಡಿಯದೆ, ಕೆಟ್ಟ ಮೂಳೆಯನ್ನಷ್ಟೇ ತೆಗೆದು ಬೇರೆ ಮೂಳೆಯನ್ನು ಕೂಡಿಸುವ ವಿಧಾನವನ್ನು ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಸ್ಟೀಫನ್ ವಿತ್‌ರೋ ಮತ್ತು ಸಂಗಡಿಗರು ರೋಗಿಷ್ಠ ನಾಯಿಗಳಲ್ಲಿ ಬೆಳೆಸಿದರು; ಅಲ್ಲಿ ಕಲಿತದ್ದು ಮಕ್ಕಳ ಚಿಕಿತ್ಸೆಗೂ ನೆರವಾಯಿತು. ಕಾಲನ್ನು ತೆಗೆಯಲೇಬೇಕಾಗಿ ಬಂದರೂ ನಾಯಿಯು ಮೂರು ಕಾಲಿನಲ್ಲಿ ಬೇಗ ಓಡಾಡಲು ಕಲಿಯುತ್ತದೆ. ಇನ್ನೊಂದು ಸಂಗತಿಯು ಇಷ್ಟು ಹಿತವಾದುದಲ್ಲ. ಬಣ್ಣದ ಕಾರ್ಖಾನೆಗಳ ಕೆಲಸಗಾರರಿಗೆ ಮೂತ್ರಕೋಶದ ಅರ್ಬುದ ಬರುವುದನ್ನು ಜರ್ಮನಿಯ ವೈದ್ಯ ರೆನ್ 1895ರಲ್ಲಿಯೇ ಗುರುತಿಸಿದ್ದನು. ಬೀಟಾ-ನ್ಯಾಫ್ತಿಲಮೀನ್ ಎಂಬ ರಾಸಾಯನಿಕವು ಅದನ್ನು ಉಂಟುಮಾಡುತ್ತದೆಂದು 1938ರಲ್ಲಿ ಹ್ಯೂಪರನು ನಾಯಿಗಳಿಗೆ ಅದನ್ನು ಕೊಟ್ಟು ತೋರಿಸಿಕೊಟ್ಟನು. ಆ ಜ್ಞಾನವು ಅನೇಕ ಕಾರ್ಮಿಕರ ಜೀವವನ್ನು ಉಳಿಸಲು ನೆರವಾಯಿತು. ಆ ನಾಯಿಗಳನ್ನು ಯಾರೂ ಕೇಳಿರಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಒಂದು ಭೇದವನ್ನು ತಿಳಿಯಬೇಕು. ಮನುಷ್ಯನು ಮುಂದಿನ ವರ್ಷಗಳ ಆಸೆಯಿಂದ ಇಂದಿನ ಕಷ್ಟವನ್ನು ಸಹಿಸಬಲ್ಲನು. ನಾಯಿಗೆ ಇಂದಿನ ದಿನವೇ ದಿನ. ಆದುದರಿಂದ ಪಶುವೈದ್ಯರು ಮದ್ದಿನ ಪ್ರಮಾಣವನ್ನು ಮಿತವಾಗಿಯೇ ಇರಿಸಿ, ಆಯುಸ್ಸಿಗಿಂತ ನೆಮ್ಮದಿಗೆ ಗಮನ ಕೊಡುತ್ತಾರೆ. ಲಿಂಫೋಮ ಬಂದ ನಾಯಿಯು ಚಿಕಿತ್ಸೆಯಿಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ತಿಂಗಳು ಬದುಕುತ್ತದೆ. ಹಲವು ಮದ್ದುಗಳ ಚಿಕಿತ್ಸೆಯಿಂದ ಸುಮಾರು ಒಂದು ವರ್ಷ. ಒಂದೇ ವರ್ಷವೆ ಎನ್ನಬಹುದು. ಹನ್ನೆರಡು ವರ್ಷದ ಬಾಳಿನಲ್ಲಿ ಒಂದು ವರ್ಷವು ಅಲ್ಪವಲ್ಲ. ಆದರೆ ಚಿಕಿತ್ಸೆಗೆ ಹಣ ಬೇಕು; ದೊಡ್ಡ ನಗರಗಳಿಂದಾಚೆ ಅದು ಸುಲಭವಾಗಿ ದೊರೆಯುವುದೂ ಇಲ್ಲ. ಕೈಲಾಗದ ಮನೆಯವರನ್ನು ಪ್ರೀತಿಯಿಲ್ಲದವರೆಂದು ತೂಗುವುದು ನ್ಯಾಯವಲ್ಲ. ನೋವನ್ನು ಶಮನಗೊಳಿಸಿ, ಮೆತ್ತನೆಯ ಹಾಸಿಗೆಯನ್ನೂ ಹಿಡಿಸುವ ಆಹಾರವನ್ನೂ ಕೊಟ್ಟು ನೋಡಿಕೊಳ್ಳುವುದು ಸಹ ಚಿಕಿತ್ಸೆಯೇ.

ಕೊನೆಗೊಂದು ದಿನ, ಇನ್ನು ಏನು ಮಾಡುವುದೆಂಬ ಪ್ರಶ್ನೆ ಎದುರಾಗುತ್ತದೆ. ಬಾಗಿಲ ಸದ್ದಿಗೆ ನಾಯಿಯು ಎದ್ದು ಬರುತ್ತಿದೆಯೆ, ತಾನಾಗಿ ಉಣ್ಣುತ್ತಿದೆಯೆ, ರಾತ್ರಿ ನಿದ್ರಿಸುತ್ತಿದೆಯೆ ಎಂದು ಮನೆಯವರು ಕ್ಯಾಲೆಂಡರಿನಲ್ಲಿ ದಿನದಿನವೂ ಗುರುತುಹಾಕಿಕೊಳ್ಳುವಂತೆ ಕೆಲವು ಪಶುವೈದ್ಯರು ಹೇಳುತ್ತಾರೆ. ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳು ಹೆಚ್ಚಾದುದನ್ನು ಆ ಗುರುತುಗಳೇ ತೋರಿಸುತ್ತವೆ. ಆಗ ನೋವಿಲ್ಲದ ಮರಣವನ್ನು ಕೊಡಿಸುವುದು ಸರಿಯೆ ತಪ್ಪೆ ಎಂಬುದರಲ್ಲಿ ನಮ್ಮ ಜನರಲ್ಲಿ ಒಮ್ಮತವಿಲ್ಲ. ಜೀವವನ್ನು ತೆಗೆಯುವ ಹಕ್ಕು ನಮಗಿಲ್ಲ ಎನ್ನುವವರೂ, ಬಿಡುಗಡೆಯಿಲ್ಲದ ಯಾತನೆಯನ್ನು ನೋಡುತ್ತ ಕೂರುವುದೇ ಹಿಂಸೆ ಎನ್ನುವವರೂ ಒಂದೇ ಮನೆಯಲ್ಲಿರುತ್ತಾರೆ. ನನಗೆ ಎರಡನೆಯವರ ಮಾತು ಸರಿಯೆನಿಸುತ್ತದೆ. ಮೊದಲನೆಯವರ ಕಣ್ಣೀರನ್ನೂ ನಾನು ಅಲ್ಲಗಳೆಯಲಾರೆ. ಮನೆಯ ಮಕ್ಕಳಿಗೆ ಈ ವಿಷಯವನ್ನು ಮುಚ್ಚಿಟ್ಟು, ನಾಯಿಯು ಎಲ್ಲಿಗೋ ಹೋಯಿತೆಂದು ಹೇಳುವುದು ಮಾತ್ರ ತರವಲ್ಲ. ವೈದ್ಯರು ಮೊದಲು ಮಂಪರಿನ ಮದ್ದನ್ನು ಕೊಡುತ್ತಾರೆ. ನಾಯಿಯು ನಿದ್ರೆಗಿಳಿದ ಬಳಿಕ ಎರಡನೆಯ ಚುಚ್ಚುಮದ್ದಿನಿಂದ ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುತ್ತದೆ. ಅಷ್ಟು ಹೊತ್ತೂ ಅದರ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಎಂದಿನಂತೆ ಹೆಸರು ಹಿಡಿದು ಕರೆಯುತ್ತ, ಮೈ ಸವರುತ್ತ ಮನೆಯವರು ಬಳಿಯಲ್ಲಿಯೇ ಕುಳಿತಿರಬಹುದು.